ಸೀನಿಯಾರಿಟಿ ಪಟ್ಟಿಯಲ್ಲಿ ಮೇಲೆ ಯಾರು? ಪವಿತ್ರಾ ಪ್ರಕರಣವನ್ನು ಬಿಡಿಸಿ ನೋಡಿದಾಗ

ಜ್ಯೇಷ್ಠತಾ ಪಟ್ಟಿ ನೋಡೋದಕ್ಕೆ ಬಹಳ ಸಪ್ಪೆ ಕಾಗದ. ಕ್ರಮ ಸಂಖ್ಯೆ, ಹೆಸರು, ಹುಟ್ಟಿದ ದಿನಾಂಕ, ಸೇವೆಗೆ ಸೇರಿದ ದಿನಾಂಕ, ಈಗಿನ ವೃಂದಕ್ಕೆ (ಒಂದೇ ದರ್ಜೆಯ ಹುದ್ದೆಗಳ ಸಾಲಿಗೆ) ಬಂದ ದಿನಾಂಕ, ವರ್ಗ, ಕೊನೆಯಲ್ಲಿ ಷರಾ. ಮೊದಲು ತಾತ್ಕಾಲಿಕ ಪಟ್ಟಿ ಹೊರಡುತ್ತದೆ. ಆಕ್ಷೇಪಣೆ ಸಲ್ಲಿಸಲು ಒಂದಿಷ್ಟು ದಿನ ಕೊಡುತ್ತಾರೆ. ಆಮೇಲೆ ಅಂತಿಮ ಪಟ್ಟಿ. ಹೊರಗಿನವರಿಗೆ ಇದರಲ್ಲಿ ಓದುವಂಥದ್ದು ಏನೂ ಇಲ್ಲ. ಸರ್ಕಾರಿ ನೌಕರಿಯಲ್ಲಿ ಇರುವವರನ್ನು ಕೇಳಿ ನೋಡಿ. ತನ್ನ ಮೇಲೆ ಯಾರ ಹೆಸರಿದೆ, ಅವರು ಯಾವ ತಿಂಗಳು ನಿವೃತ್ತಿ, ತನ್ನ ಸರದಿ ಯಾವ ವರ್ಷ ಬರಬಹುದು, ಎಲ್ಲ ಬಾಯಿಪಾಠ.

ಕರ್ನಾಟಕದಲ್ಲಿ ಈ ಕಾಗದದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಅದೂ ಮತ್ತೆ ಮತ್ತೆ. ‘ಬಿ.ಕೆ. ಪವಿತ್ರಾ ವಿರುದ್ಧ ಭಾರತ ಒಕ್ಕೂಟ’ ಎಂಬ ಒಂದೇ ಹೆಸರಿನಲ್ಲಿ ಎರಡು ತೀರ್ಪುಗಳಿವೆ. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ಸೀನಿಯಾರಿಟಿಯನ್ನೂ ಕೊಡುವ ರಾಜ್ಯದ ಒಂದು ಕಾಯ್ದೆ 2017ರಲ್ಲಿ ಬಿತ್ತು. 2019ರಲ್ಲಿ ಅದೇ ಉದ್ದೇಶದ ಇನ್ನೊಂದು ಕಾಯ್ದೆ ಉಳಿಯಿತು. ಮೀಸಲಾತಿ ಪರವೋ ವಿರುದ್ಧವೋ ಎಂದಷ್ಟೇ ಇದನ್ನು ಓದುವವರು ಜಾಸ್ತಿ. ನನಗೆ ಇದು ಬೇರೆ ಕಾರಣಕ್ಕೆ ಮುಖ್ಯ ಅನ್ನಿಸುತ್ತದೆ. ‘ಈ ಸ್ಥಾನ ನನಗೆ ಸಲ್ಲಬೇಕಾದ್ದು’ ಎಂದು ಎರಡೂ ಕಡೆಯವರು ಮನಸ್ಸಾರೆ ನಂಬಿದ್ದರು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಇಬ್ಬರೂ ಹೇಳುತ್ತಿದ್ದದ್ದು ಮಾತ್ರ ಒಂದೇ ಸಂಗತಿಯ ಬಗ್ಗೆ ಅಲ್ಲ.

ಇಬ್ಬರು ಎಂಜಿನಿಯರ್‌ಗಳು

ಲೋಕೋಪಯೋಗಿ ಇಲಾಖೆಯನ್ನೇ ತೆಗೆದುಕೊಳ್ಳೋಣ. ಸಹಾಯಕ ಎಂಜಿನಿಯರ್, ಅಂದರೆ ಎಇ. ಅವರ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅಂದರೆ ಎಇಇ. ಅದರ ಮೇಲೆ ಕಾರ್ಯಪಾಲಕ ಎಂಜಿನಿಯರ್ (ಇಇ), ಆಮೇಲೆ ಸೂಪರಿಂಟೆಂಡಿಂಗ್ ಎಂಜಿನಿಯರ್ (ಎಸ್‌ಇ), ಕೊನೆಗೆ ಚೀಫ್ ಎಂಜಿನಿಯರ್. ಸರ್ಕಾರಿ ಹುದ್ದೆಗಳಲ್ಲಿ ಮೇಲಿನದು ‘ಎ’ ಗುಂಪು, ಎಇಇ ಹುದ್ದೆ ಅದರ ಕೆಳಗಿನ ಮೆಟ್ಟಿಲು. ಕರ್ನಾಟಕದಲ್ಲಿ ಬಡ್ತಿಯಲ್ಲಿ ಮೀಸಲಾತಿ ಇರುವುದು ಆ ಮೆಟ್ಟಿಲಿನವರೆಗೆ ಮಾತ್ರ. ಇಇ ಆಗಲು ಮೀಸಲಾತಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಗಂಟು ಇರುವುದೇ ಇಲ್ಲಿ.

ಈಗ ಇಬ್ಬರನ್ನು ಕಲ್ಪಿಸಿಕೊಳ್ಳಿ. ಮೊದಲನೆಯವರು ಸಾಮಾನ್ಯ ವರ್ಗ, 1985ರಲ್ಲಿ ಎಇ ಆಗಿ ಸೇರಿದರು. ಎರಡನೆಯವರು ಪರಿಶಿಷ್ಟ ಜಾತಿ, ಸೇರಿದ್ದು 1991ರಲ್ಲಿ. 1997ರಲ್ಲಿ ಎಇಇ ಹುದ್ದೆಯೊಂದು ಖಾಲಿಯಾಗುತ್ತದೆ. ರೋಸ್ಟರ್ ಪ್ರಕಾರ, ಅಂದರೆ ಎಷ್ಟನೆಯ ಹುದ್ದೆ ಯಾವ ವರ್ಗಕ್ಕೆ ಎಂದು ಬರೆದಿಟ್ಟ ಸರದಿ ಪಟ್ಟಿಯ ಪ್ರಕಾರ, ಅದು ಪರಿಶಿಷ್ಟ ಜಾತಿಯ ಬಿಂದು. ಎರಡನೆಯವರಿಗೆ ಬಡ್ತಿ ಸಿಗುತ್ತದೆ. ಮೊದಲನೆಯವರು ಎಇಇ ಆಗುವಷ್ಟರಲ್ಲಿ 2000 ಬಂದಿರುತ್ತದೆ.

ಸರಿ, ಎಇಇಗಳ ಪಟ್ಟಿಯಲ್ಲಿ ಯಾರ ಹೆಸರು ಮೇಲೆ?

ಒಂದು ನಿಯಮದ ಪ್ರಕಾರ ಮೊದಲನೆಯವರದ್ದು. ಕೆಳಗಿನ ವೃಂದದಲ್ಲಿ ಅವರು ಸೀನಿಯರ್. ಎರಡನೆಯವರು ಇನ್ನೂ ಇಇ ಆಗಿಲ್ಲ ಎಂದರೆ, ಮೊದಲನೆಯವರು ಬಂದ ದಿನವೇ ಹಳೆಯ ಸೀನಿಯಾರಿಟಿ ವಾಪಸ್ ಸಿಗುತ್ತದೆ. ಕಚೇರಿಗಳಲ್ಲಿ ಇದನ್ನು ‘ಕ್ಯಾಚ್ ಅಪ್’ ನಿಯಮ ಅನ್ನುತ್ತಾರೆ. ಇನ್ನೊಂದು ನಿಯಮದ ಪ್ರಕಾರ ಎರಡನೆಯವರದ್ದೇ ಮೇಲೆ. ಎಇಇ ವೃಂದಕ್ಕೆ ಅವರು ಮೊದಲು ಬಂದಿದ್ದಾರೆ, ಮೂರು ವರ್ಷ ಆ ಕುರ್ಚಿಯಲ್ಲಿ ಕೆಲಸ ಮಾಡಿದ್ದಾರೆ. ಇದು ತತ್ಪರಿಣಾಮ ಜ್ಯೇಷ್ಠತೆ. ಬಡ್ತಿಯ ಬೆನ್ನಿಗೇ ಸೀನಿಯಾರಿಟಿಯೂ ಬರುತ್ತದೆ ಎಂದರ್ಥ.

ಮುಂದೆ ಇಇ ಹುದ್ದೆ ಖಾಲಿಯಾದಾಗ ಅಲ್ಲಿ ಮೀಸಲಾತಿ ಇಲ್ಲ, ಪಟ್ಟಿಯಲ್ಲಿ ಮೇಲಿರುವವರಿಗೆ ಹುದ್ದೆ. ಹಾಗಾಗಿ ಈ ಎರಡು ನಿಯಮಗಳಲ್ಲಿ ಯಾವುದು ನಡೆಯುತ್ತದೆ ಎನ್ನುವುದರ ಮೇಲೆ ಒಬ್ಬರು ಚೀಫ್ ಎಂಜಿನಿಯರ್ ಕೋಣೆಯವರೆಗೂ ಹೋಗಬಹುದು, ಇನ್ನೊಬ್ಬರು ಎಇಇ ಆಗಿಯೇ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಜನ ಅವರೇ, ತಾರೀಖುಗಳೂ ಅವೇ. ನಿಯಮ ತಿರುಗಿದರೆ ಪಟ್ಟಿ ತಿರುಗುತ್ತದೆ.

ಗಮನಿಸಿ, 1997ರ ಆ ಬಡ್ತಿ ಇಲ್ಲಿ ಜಗಳದ ವಿಷಯವೇ ಅಲ್ಲ. ಜಗಳ ಅದಾದ ಮೇಲಿನ ನಂಬರಿನದು.

ನಿಯಮ ತಿರುಗಿದ ಕಥೆ

ಕರ್ನಾಟಕ ಸರ್ಕಾರ ಬಡ್ತಿಯಲ್ಲಿ ಮೀಸಲಾತಿ ತಂದದ್ದು 1978ರ ಏಪ್ರಿಲ್ 27ರ ಆದೇಶದಿಂದ. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಆಗ ಮಾಡಿದ್ದು 33 ಬಿಂದುಗಳ ರೋಸ್ಟರ್. 1992ರಲ್ಲಿ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಡ್ತಿಯಲ್ಲಿ ಮೀಸಲಾತಿ ಸಲ್ಲದು ಎಂದಿತು. ಸಂಸತ್ತು 1995ರಲ್ಲಿ ಸಂವಿಧಾನಕ್ಕೆ 77ನೇ ತಿದ್ದುಪಡಿ ತಂದು ಅದಕ್ಕೆ ಮತ್ತೆ ಜಾಗ ಮಾಡಿತು. ಅದೇ ಹೊತ್ತಿಗೆ ಕೋರ್ಟು ಒಂದರ ಹಿಂದೆ ಒಂದು ತೀರ್ಪಿನಲ್ಲಿ ‘ಬಡ್ತಿ ಕೊಡಿ, ಸೀನಿಯಾರಿಟಿ ಕೊಡಬೇಡಿ’ ಎಂಬ ದಾರಿ ಹಿಡಿಯಿತು. ಕರ್ನಾಟಕದ್ದೇ ಆದ ಬಡಪ್ಪನವರ್ ಪ್ರಕರಣದಲ್ಲಿ 2000ದಲ್ಲಿ ಬಂದ ತೀರ್ಪೂ ಅದೇ. ಸಂಸತ್ತು ಮತ್ತೆ ಎದ್ದು 85ನೇ ತಿದ್ದುಪಡಿ ತಂದು, ಸೀನಿಯಾರಿಟಿಯನ್ನೂ ಕೊಡಬಹುದು ಎಂದಿತು. ಅದು 1995ರ ಜೂನ್ 17ರಿಂದಲೇ ಜಾರಿ ಎಂದೂ ಬರೆಯಿತು. ಅದನ್ನು ಆಧರಿಸಿ ಕರ್ನಾಟಕ 2002ರಲ್ಲಿ ತನ್ನ ಕಾಯ್ದೆ ಮಾಡಿಕೊಂಡಿತು.

2006ರಲ್ಲಿ ಎಂ. ನಾಗರಾಜ್ ಪ್ರಕರಣ. ಐವರು ನ್ಯಾಯಮೂರ್ತಿಗಳ ಪೀಠ ತಿದ್ದುಪಡಿಗಳನ್ನು ಉಳಿಸಿತು, ಜೊತೆಗೆ ಷರತ್ತು ಹಾಕಿತು. ರಾಜ್ಯ ಸರ್ಕಾರ ಕೊಡಬಹುದು, ಆದರೆ ಅಂಕಿ ಅಂಶ ತೋರಿಸಬೇಕು. ಆ ವರ್ಗ ಹಿಂದುಳಿದಿದೆಯಾ? ಆ ಹುದ್ದೆಗಳಲ್ಲಿ ಅವರ ಪ್ರಾತಿನಿಧ್ಯ ಕಡಿಮೆ ಇದೆಯಾ? ಆಡಳಿತದ ದಕ್ಷತೆಗೆ ಪೆಟ್ಟಾಗುವುದಿಲ್ಲವಾ?

ಕರ್ನಾಟಕದ ಹತ್ತಿರ ಕೋರ್ಟಿಗೆ ತೋರಿಸುವಂಥ ಲೆಕ್ಕ ಇರಲಿಲ್ಲ. 2017ರ ಫೆಬ್ರುವರಿ 9ರಂದು ನ್ಯಾಯಮೂರ್ತಿಗಳಾದ ಆದರ್ಶ ಕುಮಾರ್ ಗೋಯಲ್ ಮತ್ತು ಉದಯ್ ಲಲಿತ್ ಅವರ ಪೀಠ 2002ರ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ರದ್ದು ಮಾಡಿತು. ಮೂರು ತಿಂಗಳಲ್ಲಿ ಪಟ್ಟಿ ತಿದ್ದಿ, ಮುಂದಿನ ಮೂರು ತಿಂಗಳಲ್ಲಿ ಉಳಿದ ಕ್ರಮ ತಗೊಳ್ಳಿ ಎಂದಿತು. ಈಗಾಗಲೇ ನಿವೃತ್ತರಾದವರಿಗೆ ತೊಂದರೆ ಇಲ್ಲ. ಸೇವೆಯಲ್ಲಿರುವವರು ಇಂಥ ಸೀನಿಯಾರಿಟಿಯಿಂದ ಪಡೆದ ಬಡ್ತಿಗಳು ಮಾತ್ರ ತಾತ್ಕಾಲಿಕ, ಮರುಪರಿಶೀಲನೆಗೆ ಒಳಪಟ್ಟವು.

ಇಲ್ಲಿ ಒಂದು ಮಾತು ಹೇಳಲೇಬೇಕು. 1978ರಿಂದ 2017, ಹತ್ತಿರ ಹತ್ತಿರ ನಲವತ್ತು ವರ್ಷ. ಇಷ್ಟು ಕಾಲ ಒಂದು ನೀತಿ ನಡೆಸಿದ ಸರ್ಕಾರ ಯಾವ ವೃಂದದಲ್ಲಿ ಯಾರು ಎಷ್ಟಿದ್ದಾರೆ ಎಂಬುದನ್ನು ಒಪ್ಪವಾಗಿ ಬರೆದಿಡಲಿಲ್ಲ. ಅದರ ಬಿಸಿ ತಟ್ಟಿದ್ದು ನಿಯಮ ನಂಬಿ ಬಡ್ತಿ ತೆಗೆದುಕೊಂಡವರಿಗೆ. ಅವರು ಯಾರನ್ನೂ ತಳ್ಳಿ ಮುಂದೆ ಬಂದವರಲ್ಲ. ಆದೇಶ ಕೈಗೆ ಬಂತು, ಹೋಗಿ ಚಾರ್ಜ್ ತಗೊಂಡರು, ಅಷ್ಟೆ. ಹಿಂಬಡ್ತಿ ಎಂಬ ಪದ ಆಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಹತ್ತಾರು ವರ್ಷ ಮಾಡಿದ ಕೆಲಸದ ಗುರುತೇ ಹೋಗಬಹುದು ಎಂಬ ಭಯ ಅದರಲ್ಲಿತ್ತು.

ಸರ್ಕಾರ ಎಚ್ಚೆತ್ತಿತು. 2017ರ ಮಾರ್ಚ್‌ನಲ್ಲಿ ಆಗ ಅಪರ ಮುಖ್ಯ ಕಾರ್ಯದರ್ಶಿಯಾಗಿದ್ದ ಕೆ. ರತ್ನಪ್ರಭಾ ಅವರಿಗೆ ಲೆಕ್ಕ ಮಾಡಿಕೊಡುವ ಕೆಲಸ ವಹಿಸಿತು. ಮೇ ತಿಂಗಳಲ್ಲೇ ವರದಿ ಬಂತು. 31 ಇಲಾಖೆಗಳ ಅಂಕಿ ಅಂಶ ಅದರಲ್ಲಿತ್ತು. ನವೆಂಬರ್‌ನಲ್ಲಿ ಎರಡೂ ಸದನಗಳು ಹೊಸ ಮಸೂದೆ ಒಪ್ಪಿದವು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಳಿಸಿದರು. 2018ರ ಜೂನ್‌ನಲ್ಲಿ ಅಂಕಿತ ಬಿತ್ತು. ಮತ್ತೆ ಕೇಸು. 2019ರ ಮೇ 10ರಂದು ನ್ಯಾಯಮೂರ್ತಿಗಳಾದ ಲಲಿತ್ ಮತ್ತು ಡಿ.ವೈ. ಚಂದ್ರಚೂಡ್ ಅವರ ಪೀಠ ಹೊಸ ಕಾಯ್ದೆಯನ್ನು ಎತ್ತಿಹಿಡಿಯಿತು. ಮೊದಲ ತೀರ್ಪಿನಲ್ಲಿದ್ದ ಲಲಿತ್ ಎರಡನೆಯದರಲ್ಲೂ ಇದ್ದರು. ಕೋರ್ಟು ಮನಸ್ಸು ಬದಲಿಸಿತು ಎಂದಲ್ಲ. ಮೊದಲ ಸಲ ಇಲ್ಲದ ಲೆಕ್ಕ ಎರಡನೇ ಸಲ ಇತ್ತು.

ಮೆರಿಟ್ ಎಲ್ಲಿಂದ ಬಂತು?

ಈ ವರ್ಷಗಳ ವಾದವನ್ನು ಟಿವಿಯಲ್ಲಿ, ಕಚೇರಿ ಕ್ಯಾಂಟೀನಿನಲ್ಲಿ ಕೇಳಿದವರಿಗೆ ಒಂದು ಪದ ಕಿವಿಗೆ ಬಿದ್ದೇ ಇರುತ್ತದೆ: ಮೆರಿಟ್. ‘ಮೆರಿಟ್ ಇರೋರು ಕೆಳಗೆ, ಇಲ್ಲದೋರು ಮೇಲೆ.’ ಈ ಮಾತನ್ನು ನಮ್ಮ ಇಬ್ಬರು ಎಂಜಿನಿಯರ್‌ಗಳ ಮೇಲೆ ಇಟ್ಟು ನೋಡಿ. ಮೊದಲನೆಯವರು ಪಟ್ಟಿಯಲ್ಲಿ ಮೇಲಿರಬೇಕು ಎನ್ನಲು ಕಾರಣ ಏನು? ಅವರು ಕಟ್ಟಿಸಿದ ಸೇತುವೆ ಗಟ್ಟಿ ಎಂದಲ್ಲ. ಎಸ್ಟಿಮೇಟ್ ಸರಿಯಾಗಿ ಹಾಕುತ್ತಾರೆ, ಅಳತೆ ಪುಸ್ತಕ ಚೊಕ್ಕವಾಗಿ ಬರೆಯುತ್ತಾರೆ ಎಂದೂ ಅಲ್ಲ. ಆರು ವರ್ಷ ಮುಂಚೆ ಸೇರಿದರು, ಅದೇ ಕಾರಣ. ಅದು ಸರದಿಯ ಹಕ್ಕು. ನ್ಯಾಯಬೆಲೆ ಅಂಗಡಿ ಮುಂದೆ ಬೆಳಿಗ್ಗೆ ಆರಕ್ಕೇ ಬಂದು ಚೀಲ ಇಟ್ಟವರಿಗೆ ಇರುವಂಥ ಹಕ್ಕು. ಅದು ಸಣ್ಣದೇನಲ್ಲ. ಹಾಗಂತ ಅದು ಸಾಮರ್ಥ್ಯದ ಸರ್ಟಿಫಿಕೇಟೂ ಅಲ್ಲ.

ಒಂದೇ ಬ್ಯಾಚಿನೊಳಗೆ ಪಟ್ಟಿಯ ಕ್ರಮ ನೇಮಕಾತಿ ರ‍್ಯಾಂಕಿನಿಂದ ಬರುತ್ತದಲ್ಲ ಎಂದು ಕೇಳಬಹುದು. ಹೌದು, ಬರುತ್ತದೆ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬರೆದ ಒಂದು ಪರೀಕ್ಷೆಯ ಅಂಕ ಐವತ್ತೈದನೇ ವಯಸ್ಸಿನವರೆಗೂ ಜೊತೆಗಿರುತ್ತದೆ. ಮಧ್ಯೆ ಏನು ಮಾಡಿದರು ಎಂಬುದು ಪಟ್ಟಿಯ ಕ್ರಮಕ್ಕೆ ಸೇರುವುದೇ ಇಲ್ಲ. ಇದನ್ನು ಮೆರಿಟ್ ಎನ್ನುವುದಾದರೆ ಬಹಳ ಹಳಸಿದ ಮೆರಿಟ್.

ಬಡ್ತಿಯ ನಿಯಮವೂ ಅಷ್ಟೆ. ಬಹುತೇಕ ಕಡೆ ಇರುವುದು ‘ಜ್ಯೇಷ್ಠತೆ ಮತ್ತು ಅರ್ಹತೆ’. ಕನಿಷ್ಠ ಅರ್ಹತೆ ಇದೆಯಾ ನೋಡುತ್ತಾರೆ, ಇದ್ದವರಲ್ಲಿ ಸೀನಿಯರ್‌ಗೆ ಕೊಡುತ್ತಾರೆ. ಮೀಸಲು ಬಿಂದುವಿನಲ್ಲಿ ಬಂದವರೂ ಆ ಕನಿಷ್ಠವನ್ನು ದಾಟಿಯೇ ಬರಬೇಕು. 1977ರ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ ಬಡ್ತಿ ಪಡೆದವರು ಒಂದು ವರ್ಷ ಆ ಹುದ್ದೆಯಲ್ಲಿ ಪರೀಕ್ಷೆಗೆ ಒಳಪಟ್ಟು ಕೆಲಸ ಮಾಡಬೇಕು, ಆಮೇಲಷ್ಟೇ ಕಾಯಂ. 2019ರ ತೀರ್ಪು ಇದನ್ನು ಎತ್ತಿ ತೋರಿಸಿತು. ಆ ತೀರ್ಪಿನಲ್ಲಿ ನನಗೆ ಬಹಳ ಇಷ್ಟವಾದ ಭಾಗವೂ ಇಲ್ಲೇ ಇದೆ. ಒಬ್ಬ ಅಧಿಕಾರಿಯ ದಕ್ಷತೆಯನ್ನು ಅವರು ಯಾವ ದಾರಿಯಲ್ಲಿ ಕುರ್ಚಿಗೆ ಬಂದರು ಎಂಬುದರಿಂದ ಅಳೆಯಲಾಗದು, ಕುರ್ಚಿಯಲ್ಲಿ ಕೂತ ಮೇಲೆ ಏನು ಮಾಡಿದರು ಎಂಬುದರಿಂದ ಅಳೆಯಬೇಕು ಎಂಬ ಅರ್ಥದ ಮಾತು ಅದು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರ ವಿಚಾರವನ್ನೂ ಪೀಠ ತಂದಿತು. ಸಮಾಜ ಯಾವುದನ್ನು ಒಳ್ಳೆಯದು ಎಂದು ಬಗೆಯುತ್ತದೋ ಅದನ್ನು ಮಾಡಿ ತೋರಿಸುವ ಗುಣವೇ ಅರ್ಹತೆ. ಸಮಾನತೆಯನ್ನೂ ಒಳ್ಳೆಯದು ಎಂದು ಒಪ್ಪಿದ ಸಮಾಜದಲ್ಲಿ ಅರ್ಹತೆಯ ಲೆಕ್ಕದೊಳಗೆ ಅದೂ ಬರಬೇಕು.

ಇದನ್ನು ಒಪ್ಪದವರು ಬಹಳ ಜನ ಇದ್ದಾರೆ. ‘ಹಾಗಾದರೆ ಯಾರನ್ನು ಬೇಕಾದರೂ ಅರ್ಹರು ಅನ್ನಬಹುದಲ್ಲ?’ ಎನ್ನುತ್ತಾರೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಸೇತುವೆ ಬಿದ್ದರೆ ಪ್ರಾತಿನಿಧ್ಯ ಅದನ್ನು ಎತ್ತಿ ನಿಲ್ಲಿಸುವುದಿಲ್ಲ, ಅಲ್ವಾ? ಆದರೆ ಸೀನಿಯಾರಿಟಿಯೂ ಎತ್ತಿ ನಿಲ್ಲಿಸುವುದಿಲ್ಲ. ಸೇತುವೆಯ ಚಿಂತೆ ನಿಜವಾಗಿದ್ದರೆ ನಾವು ಕೇಳಬೇಕಾದ್ದು ಇಬ್ಬರ ಕೆಲಸದ ದಾಖಲೆಯನ್ನು. ಈ ಜಗಳದಲ್ಲಿ ಅದನ್ನು ಕೇಳಿದವರು ತೀರಾ ಕಡಿಮೆ.

ಇಂಥ ವಾದ ನಮ್ಮಲ್ಲಿ ಹೊಸದಲ್ಲ. ನೂರು ವರ್ಷದ ಹಿಂದೆ ಮೈಸೂರಿನಲ್ಲಿ ನಡೆದದ್ದೂ ಇದೇ. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸರ್ಕಾರಿ ಕೆಲಸಗಳು ಬಹುತೇಕ ಬ್ರಾಹ್ಮಣರ ಕೈಯಲ್ಲೇ ಇವೆ, ಉಳಿದವರಿಗೂ ಪಾಲು ಬೇಕು ಎಂಬುದು ಅದರ ಹಿನ್ನೆಲೆ. ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ದಕ್ಷತೆ ಕುಗ್ಗುತ್ತದೆ ಎಂಬುದು ಅವರ ಆತಂಕ. ಅವರು ದಿವಾನಗಿರಿ ಬಿಟ್ಟಿದ್ದಕ್ಕೆ ಇದೂ ಒಂದು ಕಾರಣ ಎಂದು ಹೇಳುತ್ತಾರೆ. ಆ ಸಮಿತಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು. ಅಲ್ಲಿ ‘ಹಿಂದುಳಿದವರು’ ಅಂದರೆ ಬ್ರಾಹ್ಮಣರಲ್ಲದ ಎಲ್ಲರೂ. ಇವತ್ತು ‘ಮೆರಿಟ್‌ಗೆ ಪೆಟ್ಟು’ ಎನ್ನುವ ಎಷ್ಟೋ ಮನೆಗಳ ಅಜ್ಜ ಮುತ್ತಜ್ಜಂದಿರು ಆ ಬಾಗಿಲಿನಿಂದಲೇ ಒಳಗೆ ಬಂದವರು. ಇದನ್ನು ಚುಚ್ಚಲು ಹೇಳುತ್ತಿಲ್ಲ. ಆ ಬಾಗಿಲಿನಿಂದ ಬಂದವರು ಕೆಲಸ ಕೆಡಿಸಲಿಲ್ಲ ಎಂಬುದಕ್ಕೆ ಅವರ ಮನೆಯ ಇತಿಹಾಸವೇ ಸಾಕ್ಷಿ.

ಕಾದವರ ಕಷ್ಟ

ಹಾಗಂತ ಮೊದಲನೆಯ ಎಂಜಿನಿಯರ್ ಸುಮ್ನೆ ಗೊಣಗುತ್ತಿದ್ದಾರೆ ಎನ್ನಲು ನನಗೆ ಮನಸ್ಸಿಲ್ಲ. ನೌಕರಿಗೆ ಸೇರಿದಾಗ ಅವರಿಗೆ ಒಂದು ಸಾಲು ತೋರಿಸಲಾಗಿತ್ತು. ಎಲ್ಲೂ ಬರೆದಿರದಿದ್ದರೂ ಅದನ್ನು ಅವರು ಮಾತು ಕೊಟ್ಟ ಹಾಗೆಯೇ ನಂಬಿದರು. ಮನೆ ಸಾಲದ ಕಂತು, ಮಕ್ಕಳ ಓದು, ನಿವೃತ್ತಿಯ ಪಿಂಚಣಿ, ಎಲ್ಲ ಲೆಕ್ಕವೂ ಆ ನಂಬಿಕೆಯ ಮೇಲೆ ನಿಂತಿತ್ತು. ತನ್ನ ಕೈಕೆಳಗೆ ಇದ್ದವರಿಗೆ ‘ಸರ್’ ಅನ್ನಬೇಕಾದಾಗ ಆಗುವ ಮುಜುಗರ ಸಣ್ಣದಲ್ಲ. ಅದರಲ್ಲಿ ಜಾತಿಯ ಕಹಿ ಎಷ್ಟು, ಸರದಿ ತಪ್ಪಿದ ನೋವು ಎಷ್ಟು ಎಂದು ಬಿಡಿಸುವುದು ಕಷ್ಟ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಎರಡನೆಯವರ ಕಷ್ಟ ಬೇರೆ ಥರ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ‘ಕೋಟಾದಲ್ಲಿ ಬಂದವರು’ ಎಂಬ ಮಾತು ಹಿಂದೆಯೇ ಬರುತ್ತದೆ. ಒಂದು ಕೆಲಸ ಕೆಟ್ಟರೆ ಕಾರಣ ಕೋಟಾ. ಹತ್ತು ಕೆಲಸ ಆದರೆ ಅದು ಇಲಾಖೆಯ ಸಾಧನೆ. ಮೂರು ವರ್ಷ ಎಇಇ ಆಗಿ ಸೈಟಿನಲ್ಲಿ ಬಿಸಿಲು ಕುಡಿದವರನ್ನು, ನಿನ್ನೆ ಆ ಕುರ್ಚಿಗೆ ಬಂದವರ ಕೆಳಗೆ ಬರೆಯುವುದಾದರೆ, ಆ ಮೂರು ವರ್ಷ ಏನಾಯಿತು? ಕ್ಯಾಚ್ ಅಪ್ ನಿಯಮದ ದೊಡ್ಡ ತೊಡಕು ನನ್ನ ಪ್ರಕಾರ ಇದೇ. ಹುದ್ದೆ ಕೊಟ್ಟು, ಆ ಹುದ್ದೆಯಲ್ಲಿ ಮಾಡಿದ ಕೆಲಸವನ್ನು ಲೆಕ್ಕಕ್ಕೆ ತಗೊಳ್ಳದೆ ಇರುವುದು. ಬೇರೆ ಯಾವ ಬಡ್ತಿಯಲ್ಲೂ ಹಾಗೆ ಮಾಡುವುದಿಲ್ಲ. ಹಾಗಾಗಿ 2019ರ ತೀರ್ಪು ಮುಟ್ಟಿದ ಜಾಗ ಸರಿ ಎಂದೇ ನನ್ನ ಅಭಿಪ್ರಾಯ. ಮೊದಲನೆಯವರ ನೋವಿಗೆ ಅದರಲ್ಲಿ ಉತ್ತರ ಇದೆಯಾ ಎಂದರೆ, ಇಲ್ಲ.

‘ಡಿ’ ಗುಂಪು

ರತ್ನಪ್ರಭಾ ಸಮಿತಿಯ ಲೆಕ್ಕದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ‘ಎ’, ‘ಬಿ’, ‘ಸಿ’ ಗುಂಪುಗಳಲ್ಲಿ ಪರಿಶಿಷ್ಟರ ಪ್ರಾತಿನಿಧ್ಯ ನಿಗದಿಯಾದದ್ದಕ್ಕಿಂತ ಕಡಿಮೆ. ‘ಡಿ’ ಗುಂಪಿನಲ್ಲಿ ಮಾತ್ರ ಹಾಗಲ್ಲ, ಅಲ್ಲಿ ನಿಗದಿಗಿಂತ ಜಾಸ್ತಿ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇ 17ಕ್ಕಿಂತ ಸ್ವಲ್ಪ ಹೆಚ್ಚು, ಪರಿಶಿಷ್ಟ ಪಂಗಡದವರು ಹೆಚ್ಚುಕಡಿಮೆ ಶೇ 7. ‘ಡಿ’ ಗುಂಪು ಅಂದರೆ ಜವಾನರು, ಕಾವಲುಗಾರರು, ಕಸ ಗುಡಿಸುವವರು. ಇಲ್ಲಿ ನಮ್ಮ ಪಾಲು ಕಡಿಮೆಯಾಗಿದೆ, ಮೆರಿಟ್‌ಗೆ ಅನ್ಯಾಯವಾಗಿದೆ ಎಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಒಂದು ಸಂಘವನ್ನೂ ನಾನು ಕಂಡಿಲ್ಲ. ಕೆಲವು ಹುದ್ದೆಗಳು ಯಾರಿಗೆ ‘ಸಲ್ಲುತ್ತವೆ’ ಎಂದು ನಾವು ಕೇಳುವುದೇ ಇಲ್ಲ. ಆ ಸಾಲಿನಲ್ಲಿ ಯಾರು ನಿಂತಿದ್ದಾರೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು.

2022ರಲ್ಲಿ ಇನ್ನೊಂದು ತಿರುವು

2019ಕ್ಕೆ ಕಥೆ ಮುಗಿಯಿತು ಅಂದುಕೊಂಡವರಿಗೆ 2022ರ ಜನವರಿ 28 ಬಂತು. ಜರ್ನೈಲ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ನಾಗೇಶ್ವರ ರಾವ್ ನೇತೃತ್ವದ ಮೂವರ ಪೀಠ ಪವಿತ್ರಾ ಪ್ರಕರಣದ ಎರಡನೇ ತೀರ್ಪಿನ ಒಂದು ಭಾಗವನ್ನು ತಪ್ಪು ಎಂದಿತು. ಅರ್ಹತೆಯ ಬಗ್ಗೆ ಹೇಳಿದ ಭಾಗ ಅಲ್ಲ ಅದು. ಅಂಕಿ ಅಂಶವನ್ನು ‘ಎ’, ‘ಬಿ’, ‘ಸಿ’ ಎಂದು ಗುಂಪುಗಳ ಮೇಲೆ ತೆಗೆದದ್ದನ್ನು 2019ರಲ್ಲಿ ಒಪ್ಪಿದ್ದರಲ್ಲ, ಅದು ನಾಗರಾಜ್ ತೀರ್ಪಿಗೆ ವಿರುದ್ಧ, ಲೆಕ್ಕ ಆಯಾ ವೃಂದದ್ದೇ ಆಗಬೇಕು ಎಂದಿತು. ಸಪ್ಪೆ ತಾಂತ್ರಿಕ ಮಾತಿನ ಹಾಗೆ ಕೇಳುತ್ತದೆ. ಆದರೆ ‘ಎ’ ಗುಂಪಿನ ಒಟ್ಟು ಲೆಕ್ಕದೊಳಗೆ ಎಇಇಯೂ ಇರುತ್ತಾರೆ, ಚೀಫ್ ಎಂಜಿನಿಯರೂ ಇರುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ಜನ ತುಂಬಿ ಮೇಲಿನದು ಖಾಲಿ ಇದ್ದರೂ ಒಟ್ಟು ಅಂಕಿಯಲ್ಲಿ ಅದು ಕಾಣಿಸುವುದಿಲ್ಲ. ಎಇಇ ವೃಂದದಲ್ಲಿ ಎಷ್ಟು, ಇಇ ವೃಂದದಲ್ಲಿ ಎಷ್ಟು ಎಂದು ಬೇರೆ ಬೇರೆ ಬರೆದರೆ ಎರಡೂ ಕಡೆಯವರ ಬಾಯಿಮಾತಿನ ಅರ್ಧ ವಾದ ನಿಂತುಹೋಗುತ್ತದೆ. ಕೆಲವು ಕಡೆ ‘ಪಾಲು ತುಂಬಿದೆ’ ಎನ್ನುವವರ ಮಾತು ನಿಜವಾಗಬಹುದು. ಕೆಲವು ಕಡೆ ಇನ್ನೂ ಎಷ್ಟು ದೂರ ಇದೆ ಎಂಬುದು ಬಯಲಾಗಬಹುದು.

ಒಮ್ಮೆ ಎಣಿಸಿ ಕಡತ ಮುಚ್ಚಿದರೂ ಆಗದು. ಆ ಲೆಕ್ಕವನ್ನು ಆಗಾಗ ಮತ್ತೆ ನೋಡುತ್ತಿರಬೇಕು ಎಂದು ಪೀಠ ಹೇಳಿದೆ. ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಸರ್ಕಾರಕ್ಕೆ ಬಿಟ್ಟಿದೆ.